ರೇಲಿ ಮಹಾಶಯರ ಬುದ್ಬುದಸಿದ್ಧಾಂತ: ಒಂದು ವಿಶೇಷಣದ ವಿಚಾರ

ದ್ರವದೊಳಗಣ ಗೋಳಾಕಾರದ ಕುಹರವು ಕುಸಿಯುವಾಗ ಉಂಟಾಗುವ ಒತ್ತಡವನ್ನು ಕುರಿತು ಲಾರ್ಡ್ ರೇಲಿ ಮಹಾಶಯರು 1917ರಲ್ಲಿ ಬರೆದ ಲೇಖನವು ಅಲ್ಪಗಾತ್ರದ್ದಾದರೂ ಶಾಸ್ತ್ರಗ್ರಂಥದ ಗೌರವಕ್ಕೆ ಪಾತ್ರವಾಗಿದೆ. ಕುದಿಯತೊಡಗಿದ ಕೆಟಲಿನ ಸದ್ದಿನಿಂದ ಅದರ ಉಪಕ್ರಮ. ಹಡಗಿನ ಚಾಲಕಚಕ್ರದ ಅಲಗುಗಳ ಹಿಂದೆ ಒತ್ತಡ ತಗ್ಗಿ ಏಳುವ ಗುಳ್ಳೆಗಳಿಗೂ ಆ ಸದ್ದಿಗೂ ಒಂದೇ ವಿಚಾರವು ಅನ್ವಯಿಸುವುದು.

ಬೆಸಂಟರು 1859ರಲ್ಲಿಯೇ ಎತ್ತಿದ್ದ ಪ್ರಶ್ನೆಗೆ ಇಲ್ಲಿ ದೊರೆತ ಉತ್ತರವು ಸಂಕ್ಷಿಪ್ತ, ಆದರೆ ಪೂರ್ಣ. 1 ಮಿಲಿಮೀಟರ್ ತ್ರಿಜ್ಯದ ಬರಿದಾದ ಕುಹರವು ವಾಯುಮಂಡಲದ ಒತ್ತಡದಲ್ಲಿರುವ ನೀರಿನಲ್ಲಿ ಸೆಕೆಂಡಿನ ಸುಮಾರು 11,000ದಲ್ಲೊಂದು ಪಾಲಿನಷ್ಟು ಕಾಲದಲ್ಲಿ ಮುಚ್ಚಿಹೋಗುವುದು. ವ್ಯಾಸವು ಇಪ್ಪತ್ತನೆಯ ಒಂದು ಭಾಗಕ್ಕೆ ಕುಗ್ಗಿದಾಗ ಸುತ್ತಣ ನೀರಿನ ಒತ್ತಡವು ವಾಯುಮಂಡಲದ 1,260 ಪಟ್ಟಿಗೆ ಏರುವುದು.

ಆದರೆ ಇಲ್ಲಿ ಒಂದು ಪೂರ್ವಪಕ್ಷ. ಗುಳ್ಳೆಯು ಲೋಹವನ್ನು ಕೊರೆಯುವುದು ಲೋಹದ ಬಳಿಯಲ್ಲಿ; ಅಲ್ಲಿಯಾದರೋ ಅದು ಗೋಳವಾಗಿ ಉಳಿಯಲಾರದು. ಲೋಹದ ಕಡೆಯಿಂದ ನೀರು ಬರಲು ತಡೆಯಿರುವುದರಿಂದ ಎದುರುಪಾರ್ಶ್ವವು ಮೊದಲು ಕುಸಿದು, ಗುಳ್ಳೆಯನ್ನು ಭೇದಿಸಿಕೊಂಡು, ಲೋಹದತ್ತ ಜಲಧಾರೆಯಾಗಿ ಚಿಮ್ಮುವುದು. ಇದನ್ನು ಕಾರ್ನ್‌ಫೆಲ್ಡ್ ಮತ್ತು ಸುವೊರೊವ್ 1944ರಲ್ಲಿ ಊಹಿಸಿದರು. ನೋಡೆ ಮತ್ತು ಎಲಿಸ್ 1961ರಲ್ಲಿ ಪ್ರಯೋಗದಿಂದ ತೋರಿದರು. ಲೋಹಕ್ಕೆ ತಾಗಿಕೊಂಡಿರುವ ಗುಳ್ಳೆಯಲ್ಲಿ ಆ ಧಾರೆಯ ವೇಗವು ಸೆಕೆಂಡಿಗೆ ಸುಮಾರು 130 ಮೀಟರ್ ಎಂದು 1971ರಲ್ಲಿ ಪ್ಲೆಸೆಟ್ ಮತ್ತು ಚಾಪ್‌ಮನ್ ಗಣಿಸಿದರು. ಹೀಗಿರಲಾಗಿ ರೇಲಿಯವರ ಲಕ್ಷಣಕ್ಕೆ ಅವ್ಯಾಪ್ತಿದೋಷವು ತಗಲುವುದಿಲ್ಲವೆ?

ಸಮಾಧಾನವಿದು. ‘ಗೋಳಾಕಾರದ’ ಎಂಬ ವಿಶೇಷಣವನ್ನು ಲೇಖಕರು ಶೀರ್ಷಿಕೆಯಲ್ಲಿಯೇ ಇರಿಸಿದ್ದಾರೆ. ಅದನ್ನು ಕೈಬಿಟ್ಟು ಓದಿದವರದು ದೋಷವೇ ಹೊರತು ಬರೆದವರದಲ್ಲ. ಮೇಲಾಗಿ ಅವರು ಹೇಳಿದ ಕಾಲವು ಲೋಹದ ಬಳಿಯಲ್ಲಿಯೂ ಸ್ವಲ್ಪ ದೀರ್ಘವಾಗುವುದಲ್ಲದೆ ಸುಳ್ಳಾಗುವುದಿಲ್ಲ.

ಧಾರಾವಾದಿಗಳೂ ಇದೇ ಬಗೆಯಲ್ಲಿ ತಪ್ಪಿದ್ದುಂಟು. ಸಕಲ ಹಾನಿಗೂ ಧಾರೆಯೊಂದೇ ಕಾರಣವೆಂದರೆ ಅತಿವ್ಯಾಪ್ತಿ. ಧಾರೆಯು ತೂರಿಹೋದ ಬಳಿಕ ಗುಳ್ಳೆಯು ಬಳೆಯಾಕಾರ ತಳೆದು, ಲೋಹಕ್ಕೆ ತಾಗಿಕೊಂಡೇ ಕುಸಿಯುವಾಗ ಕುಳಿಗಳು ಬೀಳುವುದನ್ನು ಫಿಲಿಪ್ ಮತ್ತು ಲೌಟರ್‌ಬೋರ್ನ್ 1998ರಲ್ಲಿ ತೋರಿಸಿದರು.

ಆದುದರಿಂದ ರೇಲಿಯವರ ಲೇಖನವು ಇಂದಿಗೂ ಪಠನೀಯವೇ. ಅದನ್ನು ಬೋಧಿಸುವವರು ಸೂತ್ರದೊಡನೆ ಅದರ ವಿಶೇಷಣವನ್ನೂ ಬೋಧಿಸತಕ್ಕದ್ದು. ವಿಶೇಷಣವು ಅಲಂಕಾರವಲ್ಲ, ವಾಕ್ಯದ ಸತ್ಯವು ಎಲ್ಲಿಯವರೆಗೆ ನಿಲ್ಲುವುದೆಂಬುದರ ಮೇರೆ.