ಅನುಮತಿ ಅವರಿಗೆ, ಹೊಣೆ ನಮಗೆ: ಮೂರು ತೀರ್ಪುಗಳ ಓದು

ಗಡಿವಾದವನ್ನು ಕುರಿತು ನಾವು ಬರೆದಷ್ಟು, ನಮ್ಮ ನಿತ್ಯಜೀವನವನ್ನು ರೂಪಿಸುವ ತೀರ್ಪುಗಳನ್ನು ಕುರಿತು ಬರೆದಿಲ್ಲ. ಅಕ್ಕಲಕೋಟ ಯಾವ ರಾಜ್ಯಕ್ಕೆ ಸೇರಬೇಕೆಂಬ ಪ್ರಶ್ನೆ 1967ರ ಮಹಾಜನ ವರದಿಯ ನಂತರವೂ ಬಗೆಹರಿದಿಲ್ಲ. ಆದರೆ ಅಲ್ಲಿನ ಮಗು ಶಾಲೆಯಲ್ಲಿ ಏನನ್ನು ಕಲಿಯಲೇಬೇಕು, ನಗರ ಪರಿಷತ್ತಿನ ಫಲಕದಲ್ಲಿ ಯಾವ ಭಾಷೆ ಇರಬಹುದು ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯ ಉತ್ತರ ನೀಡಿಯಾಗಿದೆ. ಆ ದಾವೆಗಳಲ್ಲಿ ಒಂದೂ ಸೊಲ್ಲಾಪುರ ಸೀಮೆಯದಲ್ಲ. ಮೂರೂ ಇಲ್ಲಿಗೆ ಅನ್ವಯಿಸುತ್ತವೆ.

ಮೊದಲನೆಯದು 2004ರ ಉಷಾ ಮೆಹ್ತಾ ಪ್ರಕರಣ. ಗುಜರಾತಿ ಭಾಷಿಕ ಅಲ್ಪಸಂಖ್ಯಾತರ ಆಕ್ಷೇಪವನ್ನು ತಳ್ಳಿಹಾಕಿ, ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿದ ಮಹಾರಾಷ್ಟ್ರದ ನೀತಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ನಾಡಭಾಷೆಯನ್ನು ಅರಿಯದವನು ಸಾರ್ವಜನಿಕ ಜೀವನದಿಂದ ದೂರವಾಗುತ್ತಾನೆಂಬುದು ಅದರ ತರ್ಕ. ಈ ತರ್ಕ ಅಸಂಗತವಲ್ಲ. ತಹಶೀಲ ಕಚೇರಿಯ ಮೆಟ್ಟಿಲು ಹತ್ತಿದ ಯಾವ ರೈತನೂ ಅದನ್ನು ಅಲ್ಲಗಳೆಯಲಾರ. ಆದರೆ ಅದು ಒಂದೇ ದಿಕ್ಕಿನಲ್ಲಿ ನಡೆಯುತ್ತದೆ. ಜನರು ಕಚೇರಿಯ ಭಾಷೆಯನ್ನು ಕಲಿಯಬೇಕು ಸರಿ. ಕಚೇರಿಯು ಜನರ ಭಾಷೆಯನ್ನು ಎಷ್ಟು ಅರಿಯಬೇಕು?

ಎರಡನೆಯದು 2014ರ ಮೇ 6ರ ತೀರ್ಪು. ಕರ್ನಾಟಕದ 1994ರ ಭಾಷಾ ಆದೇಶವನ್ನು ಕುರಿತ ಈ ತೀರ್ಪನ್ನು ಕನ್ನಡದ ಸೋಲೆಂದೇ ನಾವು ಓದಿದೆವು. ಸಂವಿಧಾನದ ಸಂದರ್ಭದಲ್ಲಿ ಮಾತೃಭಾಷೆಯೆಂದರೆ ಆಯಾ ರಾಜ್ಯದ ಭಾಷಿಕ ಅಲ್ಪಸಂಖ್ಯಾತರ ಭಾಷೆ, ಅದು ಯಾವುದೆಂದು ಹೇಳುವವರು ಪಾಲಕರು ಎಂಬ ಅದರ ನಿರೂಪಣೆಯನ್ನು ಗಮನಿಸಲಿಲ್ಲ. ಬೆಂಗಳೂರಿನಲ್ಲಿ ಸೋಲಾದದ್ದು ಅಕ್ಕಲಕೋಟದಲ್ಲಿ ಆಸರೆಯಾಗಬಲ್ಲದು. ಆದರೂ ಕೊರತೆಯೊಂದಿದೆ: ಆಯ್ಕೆಯ ಸ್ವಾತಂತ್ರ್ಯವನ್ನು ವಿವರಿಸಿದಷ್ಟು, ಆಯ್ದುಕೊಳ್ಳಲು ಶಾಲೆಯೊಂದು ಇರಬೇಕೆಂಬುದನ್ನು ಅದು ಒತ್ತಿ ಹೇಳಲಿಲ್ಲ. 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯಕ್ಕಾಗಿ ರಾಜ್ಯವು ಪ್ರಯತ್ನಿಸಬೇಕೆನ್ನುತ್ತದೆ. ಶಿಕ್ಷಕರ ಹುದ್ದೆ ತೆರವಾಗಿಯೇ ಉಳಿದ ಕನ್ನಡ ಶಾಲೆಯ ಮುಂದೆ ನಿಂತ ಪಾಲಕನಿಗೆ ಆಯ್ಕೆಯೆಂಬುದು ಬರಿಯ ಶಬ್ದ.

ಮೂರನೆಯದು 2025ರ ಏಪ್ರಿಲ್ 15ರದು. ಅಕೋಲಾ ಜಿಲ್ಲೆಯ ಪಾತೂರ ನಗರ ಪರಿಷತ್ತಿನ ಫಲಕದಲ್ಲಿ ಮರಾಠಿಯ ಜೊತೆಗೆ ಉರ್ದುವೂ ಇರಬಹುದೆಂದು ನ್ಯಾಯಾಲಯ ಹೇಳಿತು. ಸ್ಥಳೀಯ ಸಂಸ್ಥೆಗಳ ರಾಜಭಾಷೆಯ ಕುರಿತ 2022ರ ಕಾಯ್ದೆ ಮರಾಠಿಯನ್ನು ವಿಧಿಸುತ್ತದೆ, ಹೆಚ್ಚುವರಿ ಭಾಷೆಯನ್ನು ನಿಷೇಧಿಸುವುದಿಲ್ಲ ಎಂಬುದು ತೀರ್ಪಿನ ತಿರುಳು. ಎಂಟನೆಯ ಅನುಸೂಚಿಯಲ್ಲಿರುವ ಕನ್ನಡಕ್ಕೂ ಈ ವಾದ ಸಲ್ಲುತ್ತದೆ. ಆದರೆ ‘ಇರಬಹುದು’ ಎಂಬುದು ‘ಇರಬೇಕು’ ಎಂದಾಗುವುದಿಲ್ಲ. ಪರಿಷತ್ತು ಮನಸ್ಸು ಮಾಡಿದರೆ ಫಲಕ ಉಂಟು, ಇಲ್ಲವಾದರೆ ಇಲ್ಲ.

ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ವಿನ್ಯಾಸ ಸ್ಪಷ್ಟವಾಗುತ್ತದೆ. ಕಡ್ಡಾಯವು ಅಲ್ಪಸಂಖ್ಯಾತನ ಪಾಲಿಗೆ, ಅನುಮತಿಯು ಆಡಳಿತದ ಪಾಲಿಗೆ. 350ನೆಯ ವಿಧಿಯಲ್ಲಿಯೂ ಇದೇ ಓರೆ: ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಅಲ್ಲಿದೆ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಮಾತಿಲ್ಲ.

ಆದುದರಿಂದ ಈ ತೀರ್ಪುಗಳನ್ನು ಹೊಗಳಿ ಅಥವಾ ಹಳಿದು ಕೈತೊಳೆದುಕೊಳ್ಳುವುದು ಸಲ್ಲದು. ಅನುಮತಿಯು ಬಳಕೆಯಿಂದ ಮಾತ್ರ ರೂಢಿಯಾಗುತ್ತದೆ. ರೂಢಿಯಾದುದನ್ನು ಕಿತ್ತುಹಾಕುವುದು ಯಾವ ಆಡಳಿತಕ್ಕೂ ಸುಲಭವಲ್ಲ. ಶಾಲೆಯ ದಾಖಲಾತಿ ಪತ್ರದಲ್ಲಿ ಮಾತೃಭಾಷೆ ‘ಕನ್ನಡ’ ಎಂದು ಬರೆಯುವ ಪಾಲಕ, ಕನ್ನಡದಲ್ಲಿ ಅರ್ಜಿ ಸಲ್ಲಿಸಿ ಸ್ವೀಕೃತಿ ಕೇಳುವ ರೈತ, ದ್ವಿಭಾಷಾ ಫಲಕಕ್ಕೆ ಠರಾವು ಮಂಡಿಸುವ ಸದಸ್ಯ — ನ್ಯಾಯಾಲಯವು ಅಪೂರ್ಣವಾಗಿ ಬಿಟ್ಟ ವಾಕ್ಯವನ್ನು ಮುಂದುವರಿಸಬೇಕಾದವರು ಇವರೇ.