ಸಾಹಿತ್ಯದ ಓದು ಮತ್ತು ಐದು ಉತ್ತರಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಾಲೇಜ್ ಬೋರ್ಡ್ ಸಂಸ್ಥೆಯು 1967ರಲ್ಲಿ ಆರಂಭಿಸಿದ ‘ಕ್ಲೆಪ್’ ಪರೀಕ್ಷೆಗಳ ಉದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ತರಗತಿಯಲ್ಲಿ ಕುಳಿತವನಿಗೆ ಮಾತ್ರವೇ ವಿದ್ಯೆ ದಕ್ಕುವುದೆಂಬ ಹಮ್ಮು ಅಧ್ಯಾಪಕರಾದ ನಮಗೆ ಸಲ್ಲದು. ದುಡಿಯುತ್ತಲೋ ಸೈನ್ಯದಲ್ಲಿದ್ದುಕೊಂಡೋ ಸ್ವಂತವಾಗಿ ಓದಿದವನು ಸುಮಾರು ಒಂದೂವರೆ ಗಂಟೆಯ ಪರೀಕ್ಷೆಯಲ್ಲಿ, 20ರಿಂದ 80ರವರೆಗಿನ ಮಾನದಲ್ಲಿ, ಸಾಮಾನ್ಯವಾಗಿ 50 ಅಂಕ ಗಳಿಸಿದರೆ ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ಶುಲ್ಕವೂ ಕಾಲವೂ ಉಳಿಯುತ್ತವೆ. ಬೀಜಗಣಿತಕ್ಕೆ ಇದು ಒಪ್ಪುವ ಕ್ರಮ.

ನಮ್ಮ ಆಕ್ಷೇಪವು ಸಾಹಿತ್ಯ ವಿಶ್ಲೇಷಣೆಯ ಪತ್ರಿಕೆಯನ್ನು ಕುರಿತದ್ದು. ಅಲ್ಲಿ ಪದ್ಯವನ್ನೋ ಗದ್ಯಭಾಗವನ್ನೋ ಮುಂದಿಟ್ಟು, ಅದರ ಭಾವವೇನೆಂದು ಕೇಳಿ, ಐದು ಉತ್ತರಗಳಲ್ಲಿ ಒಂದನ್ನು ಆರಿಸೆನ್ನುತ್ತಾರೆ. ಕಂಠಪಾಠಕ್ಕೆ ಎಡೆಯಿಲ್ಲ, ಕೊಟ್ಟ ಭಾಗವನ್ನು ಅಲ್ಲಿಯೇ ಓದಿ ತಿಳಿಯಬೇಕು. ಈ ಗುಣ ನಮ್ಮ ಎಷ್ಟೋ ಪ್ರಶ್ನೆಪತ್ರಿಕೆಗಳಿಗಿಲ್ಲ. (ಗೈಡುಗಳನ್ನು ಮಾರುವವರೇ ಇದಕ್ಕೆ ಸಾಕ್ಷಿ!) ಆದರೆ ಆನಂದವರ್ಧನನು ವಾಚ್ಯಾರ್ಥದಾಚೆ ಗುರುತಿಸಿದ ಧ್ವನಿಯನ್ನು ಇಬ್ಬರು ಸಹೃದಯರು ಬೇರೆಬೇರೆಯಾಗಿ ಕಂಡು, ಇಬ್ಬರೂ ಆಧಾರಸಹಿತವಾಗಿ ಸಮರ್ಥಿಸಬಲ್ಲರು. ಐದನೆಯ ಉತ್ತರವನ್ನು ಆರಿಸಿದವನು ಅದನ್ನೇಕೆ ಆರಿಸಿದನೆಂಬುದು ಅಂಕ ಎಣಿಸುವ ಯಂತ್ರಕ್ಕೆ ತಿಳಿಯದು. ಊಹಿಸಿದವನಿಗೂ ಓದಿದವನಿಗೂ ಅಲ್ಲಿ ಒಂದೇ ಅಂಕ. ಕ್ರೆಡಿಟ್ ನೀಡುವ ಮುನ್ನ ಕಾಲೇಜು ಅಭ್ಯರ್ಥಿಯಿಂದ ಒಂದು ಪುಟದ ಸಮರ್ಥನೆಯನ್ನಾದರೂ ಬರೆಯಿಸಿ, ತನ್ನ ಅಧ್ಯಾಪಕರಿಂದಲೇ ಓದಿಸಬೇಕೆಂದು ನಾವು ಭಾವಿಸುತ್ತೇವೆ.