ರವಿವರ್ಮನ ಗಾಯಕಿಯರೂ ಗುಬ್ಬಿಯ ಸ್ತ್ರೀಪಾತ್ರಗಳೂ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ರಾಜಾ ರವಿವರ್ಮನು ಸುಮಾರು ೧೮೮೯ರಲ್ಲಿ ರಚಿಸಿದ, ಹನ್ನೊಂದು ಮಂದಿ ಗಾಯಕಿಯರ ತೈಲಚಿತ್ರವೊಂದಿರುವುದು. ನಾನಾ ಪ್ರಾಂತಗಳ ಸ್ತ್ರೀಸೌಂದರ್ಯವನ್ನು ಒಂದೇ ಪಟದಲ್ಲಿ ಕೂಡಿಸಿದ ಕೃತಿಯೆಂದು ಇದನ್ನು ಹೊಗಳುವುದು ವಾಡಿಕೆ. ಈ ಹೊಗಳಿಕೆಯನ್ನು ತುಸು ಪರೀಕ್ಷಿಸಬೇಕಾಗಿದೆ.

ಉಡಿಗೆಯ ವಿಷಯದಲ್ಲಿ ಚಿತ್ರಕಾರನ ಕಣ್ಣು ಬಹು ಸೂಕ್ಷ್ಮವಾದುದು. ನಾಯರ್ ಸ್ತ್ರೀಯ ಬಿಳಿಯ ಮುಂಡು, ಮಹಾರಾಷ್ಟ್ರದ ಕಚ್ಚೆಸೀರೆ, ಮುಸಲ್ಮಾನ ಸ್ತ್ರೀಯ ವೇಷ, ಇವುಗಳನ್ನು ಒಂದಕ್ಕೊಂದು ಬೆರೆಯದಂತೆ ತೋರಿಸಿರುವನು. ಮುಖಗಳಿಗೆ ಬಂದೊಡನೆ ಈ ವಿವೇಚನೆ ಸಡಿಲುವುದು. ತುಂಬಿದ ಕೆನ್ನೆ, ದೂರಕ್ಕೆ ನೆಟ್ಟ ಮಂಕುದೃಷ್ಟಿ ಹೆಚ್ಚುಕಡಮೆ ಎಲ್ಲರಿಗೂ ಸಮಾನ. ಒಬ್ಬಳ ವಾದ್ಯವನ್ನು ಇನ್ನೊಬ್ಬಳು ಕೇಳುತ್ತಿರುವಂತೆಯೇ ತೋರದು. ನಾಯಿಕಾಭೇದವನ್ನು ಪಾಠ ಹೇಳುವ ನಮಗೆ ಇದು ಪರಿಚಿತವಾದ ಮಾರ್ಗವೇ: ಲಕ್ಷಣ ಮೊದಲು, ಲಕ್ಷ್ಯ ಆಮೇಲೆ. ಥಾಮಸ್ ಹಿಕ್ಕಿಯು ೧೮೦೫ರಲ್ಲಿ ಬರೆದ, ಮೈಸೂರು ರಾಣಿಯರದೆಂದು ಗುರುತಿಸಲಾಗಿರುವ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕಿರಿಯ ರಾಣಿಯು ಸೆರಗು ಸರಿಸಿರುವುದು ದೇವಿ ಹಾಕಿಸಿಕೊಂಡ ತೋಳನ್ನು ತೋರಿಸಲೆಂದು ಚರಿತ್ರಕಾರ ನೈಜೆಲ್ ಚಾನ್ಸಲರರು ಅರ್ಥಮಾಡಿರುವರು. ಹಾಗಾದರೆ ಆ ಮೈ ಒಬ್ಬ ನಿರ್ದಿಷ್ಟ ಸ್ತ್ರೀಯದು, ಅದಕ್ಕೊಂದು ಕಥೆಯುಂಟು.

ಇನ್ನೊಂದು ಮಾತು. ಆ ಕಾಲದಲ್ಲಿ ಸಭೆಯಲ್ಲಿ ಹಾಡುವ ವೃತ್ತಿಯನ್ನು ನಡೆಸುತ್ತಿದ್ದ ಸ್ತ್ರೀಯರಲ್ಲಿ ಅನೇಕರು ದೇವದಾಸೀ ಮನೆತನಗಳವರು. ರವಿವರ್ಮನು ಗಾಯಕಿಯರಿಗೆ ಕುಲೀನ ಗೃಹಿಣಿಯ ಗಾಂಭೀರ್ಯವನ್ನು ಕೊಟ್ಟಿರುವನು. ೧೯೦೯ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಪಟದ ಗಾಯಕಿಯರು ಮಾತ್ರ ಅರಮನೆಯಲ್ಲಿ ಮಾನ್ಯರಾಗಿಯೇ ಉಳಿದರು. ಆದರ್ಶವು ಯಾರನ್ನು ಒಳಗೊಂಡಿತು, ಯಾರನ್ನು ಹೊರಗಿಟ್ಟಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

೧೮೯೪ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯವು ಆರಂಭವಾದಮೇಲೆ ಅವನ ಲಕ್ಷ್ಮೀ ಸರಸ್ವತಿಯರು ಸಾಮಾನ್ಯರ ಮನೆಯ ಗೋಡೆಗಳನ್ನೂ ಏರಿದರು. ಅದಕ್ಕೆ ಹತ್ತು ವರ್ಷ ಮುಂಚೆಯೇ, ೧೮೮೪ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ ನಾಟಕದ ಕಂಪೆನಿಯು ಹುಟ್ಟಿತ್ತು. ಅಲ್ಲಿ ಮೊದಲಿಗೆ ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದರು. ಪಟದಿಂದ ರಂಗಕ್ಕೆ ನೇರವಾದ ಋಣವಿತ್ತೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ಸೀರೆಯ ನೆರಿಗೆ, ಬಾಗಿದ ಕೊರಳು, ನಾಚಿದ ನೋಟ, ಇಷ್ಟು ಕೂಡಿದರೆ ಹೆಣ್ತನವು ಸಿದ್ಧವಾಗುವುದೆಂಬ ನಂಬಿಕೆ ಎರಡೆಡೆಯಲ್ಲಿಯೂ ಒಂದೇ. ಅದಕ್ಕೆ ಹೆಣ್ಣಿನ ಅಗತ್ಯವೇ ಇಲ್ಲ. ಗಂಡುಮೈಗೂ ಒಪ್ಪುವ ಈ ಲಾವಣ್ಯವನ್ನು ಸ್ತ್ರೀಸ್ವಭಾವವೆಂದು ತರಗತಿಗಳಲ್ಲಿ ಬೋಧಿಸುವುದು ಹೇಗೆ ಸರಿಯಾದೀತು? ಮುಂದೆ ಬಿ. ಜಯಮ್ಮನವರಂಥ ನಟಿಯರು ಗುಬ್ಬಿಯ ರಂಗವನ್ನೇರಿದಾಗ, ಗಂಡಸರು ರೂಢಿಸಿಟ್ಟಿದ್ದ ಭಂಗಿಗಳ ನಡುವೆಯೇ ಅವರು ತಮ್ಮ ದನಿಯನ್ನು ಹುಡುಕಿಕೊಳ್ಳಬೇಕಾಯಿತು.